ಐದು ರೂಪಾಯಿ ಇನ್‌ಕ್ರಿಮೆಂಟಿನ ಜಗಳ

‘ಅಂವಾ ಆ ಪತ್ರ ವಾಪಸ್ ತಗೋಬಾರದಾಗಿತ್ತು.’

ಹೋದ ತಿಂಗಳು ನಮ್ಮ ಮನೆಯ ಟೆರೇಸ್ ಮೇಲೆ ಶುರುವಾದ ಈ ಜಗಳ ಇನ್ನೂ ಮುಗಿದಿಲ್ಲ. ಜಗಳಗಂಟಿಯರು ನಾವು ನಾಲ್ವರು, ಮೂರನೇ ವರ್ಷದ ಬಿಇ ಓದುತ್ತಿರುವವರು. ಜಗಳಕ್ಕೆ ಕಾರಣನಾದವನು ವೆಂಕಟರಾವ್ ಎಂಬ ಗುಮಾಸ್ತ. ಆತ ನಮ್ಮ ಬೈರಿದೇವರಕೊಪ್ಪದವನಲ್ಲ, ಮಾಲ್ಗುಡಿಯವನು!

ಮೂವರು ಗೆಳತಿಯರು ಹತ್ತಿರದ ಪಿಜಿಯಲ್ಲಿದ್ದಾರೆ. ಪರೀಕ್ಷೆ ಬಂದರೆ ಪುಸ್ತಕ ಹೊತ್ತು ನಮ್ಮ ಮನೆಗೆ ಬರುತ್ತಾರೆ. ಅಮ್ಮನ ಕೈಯ ರೊಟ್ಟಿಯೂ ಅದಕ್ಕೊಂದು ಕಾರಣ ಅನ್ನಿ. ಓದಿ ತಲೆ ಕೆಟ್ಟಾಗ ಮೊಬೈಲ್‌ನಲ್ಲಿ ‘ಮಾಲ್ಗುಡಿ ಡೇಸ್’ನ ಒಂದು ಕಂತು ನೋಡುವುದು ನಮ್ಮ ಪದ್ಧತಿ. ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್‌ನಾಗ್ 1986ರಲ್ಲಿ ದೂರದರ್ಶನಕ್ಕೆ ತಂದ ಧಾರಾವಾಹಿ ಅದು. ನಾವು ಹುಟ್ಟುವ ಹೊತ್ತಿಗೆ ಅದಕ್ಕೇ ಇಪ್ಪತ್ತು ವರ್ಷ ಆಗುತ್ತ ಬಂದಿತ್ತು. ಆಗುಂಬೆಯೇ ಮಾಲ್ಗುಡಿಯಾಯಿತು, ಆರ್.ಕೆ. ಲಕ್ಷ್ಮಣ್ ರೇಖಾಚಿತ್ರ ಬರೆದರು, ಎಲ್. ವೈದ್ಯನಾಥನ್ ರಾಗ ಹಾಕಿದರು. ಆ ರಾಗ ಇವತ್ತಿಗೂ ನಮ್ಮಲ್ಲೊಬ್ಬಳ ರಿಂಗ್‌ಟೋನ್. ಪಾತ್ರಗಳು ಹಿಂದಿ ಮಾತಾಡಿದರೂ ಗಿರೀಶ ಕಾರ್ನಾಡ, ಅನಂತನಾಗ್, ವೈಶಾಲಿ ಕಾಸರವಳ್ಳಿ ಅಂತ ಮುಖಗಳೆಲ್ಲ ನಮ್ಮವೇ. ನಮ್ಮೂರ ಮುಂದಿನ ಪಿ.ಬಿ. ರಸ್ತೆ ಹಿಡಿದು ಬೆಂಗಳೂರಿನತ್ತ ಹೋದರೆ ದಾವಣಗೆರೆ ಹತ್ತಿರ ಆನಗೋಡು ಸಿಗುತ್ತದೆ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ತೀರಿಕೊಂಡದ್ದು ಅಲ್ಲಿಯೇ. ಆಗ ಅವರಿಗೆ 35 ವರ್ಷ. ಅಷ್ಟರೊಳಗೆ ಅಷ್ಟು ಕೆಲಸ ಮಾಡಿದ್ದರು ಎಂದು ನೆನೆದರೆ ನಮ್ಮ ಬ್ಯಾಕ್‌ಲಾಗ್‌ಗಳ ಬಗ್ಗೆ ನಾಚಿಕೆಯಾಗುತ್ತದೆ.

ಸರಿ, ಗುಮಾಸ್ತನ ವಿಷಯಕ್ಕೆ ಬರೋಣ. ಕಥೆಯ ಹೆಸರು ‘ತಿಂಗಳಿಗೆ ನಲವತ್ತೈದು’. ಮಗಳು ಶಾಂತಾಳಿಗೆ ಇವತ್ತು ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿರುತ್ತಾನೆ. ಹುಡುಗಿ ಶಾಲೆಯಿಂದ ಬೇಗ ಬಂದು, ಚೆಂದ ತಯಾರಾಗಿ ಕಾಯುತ್ತಾಳೆ. ಅಪ್ಪ ಬರುವುದಿಲ್ಲ. ಆಫೀಸು ಹುಡುಕಿಕೊಂಡು ತಾನೇ ಹೊರಟು ದಾರಿ ತಪ್ಪುತ್ತಾಳೆ, ಯಾರೋ ಮನೆಗೆ ತಂದು ಬಿಡುತ್ತಾರೆ. ಅತ್ತ ಅಪ್ಪನಿಗೆ ಮ್ಯಾನೇಜರ್ ಹೋಗಲು ಬಿಡುತ್ತಿಲ್ಲ. ಈ ನಲವತ್ತು ರೂಪಾಯಿಗೆ ನನ್ನನ್ನೇ ಮಾರಿಕೊಂಡೆನಲ್ಲ ಎಂಬ ಸಿಟ್ಟಿನಲ್ಲಿ ವೆಂಕಟರಾವ್ ರಾಜೀನಾಮೆ ಬರೆದು ಲಕೋಟೆಗೆ ಹಾಕುತ್ತಾನೆ. ಕೊಡಲು ಹೋದರೆ ಮ್ಯಾನೇಜರ್ ಹೇಳುವುದೇ ಬೇರೆ, ನಿನಗೆ ಐದು ರೂಪಾಯಿ ಇನ್‌ಕ್ರಿಮೆಂಟಿಗೆ ಶಿಫಾರಸು ಮಾಡಿದ್ದೇನೆ ಎಂದು. ರಾಜೀನಾಮೆ ಪತ್ರ ಅಲ್ಲಿಯೇ ರಜೆ ಅರ್ಜಿಯಾಗಿ ಹಿಂದಕ್ಕೆ ಬರುತ್ತದೆ. ಆ ರಜೆಯೂ ಸಿಗುವುದಿಲ್ಲ. ಮನೆಗೆ ಬಂದಾಗ ಶಾಂತಾ ಹಾಕಿಕೊಂಡ ಬಟ್ಟೆಯಲ್ಲೇ ಮಲಗಿಬಿಟ್ಟಿರುತ್ತಾಳೆ.

ಗದಗಿನ ಗೆಳತಿಯ ವಾದ ಮೊದಲೇ ಹೇಳಿದೆ. ಅವಳ ಪ್ರಕಾರ ಆ ಲಕೋಟೆ ಹಿಂದಕ್ಕೆ ತೆಗೆದುಕೊಂಡ ಕ್ಷಣವೇ ಅವನ ಕಥೆ ಮುಗಿಯಿತು. ರಾಣೆಬೆನ್ನೂರಿನವಳು ಒಪ್ಪಲಿಲ್ಲ. ‘ರಾಜೀನಾಮಿ ಕೊಟ್ಟು ಏನ್ ತಿಂತಿದ್ರಲೇ? ಮರುದಿನ ಶಾಂತಾನ ಫೀ ಯಾರು ತುಂಬ್ತಿದ್ರು?’ ಎಂದಳು. ಬಾಗಲಕೋಟೆಯವಳಿಗೆ ಮ್ಯಾನೇಜರ್ ಮೇಲೇ ಕಣ್ಣು. ಆ ಪುಣ್ಯಾತ್ಮ ಪತ್ರ ಒಡೆಯಲೇ ಇಲ್ಲ, ಓದಿದ್ದರೆ ಏನು ಮಾಡುತ್ತಿದ್ದ ಎನ್ನುವುದು ಅವಳ ಪ್ರಶ್ನೆ. ಅಲ್ಲಿಂದ ಮಾತು 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಹೇಳಿದ ವಾರಕ್ಕೆ 70 ತಾಸಿನ ದುಡಿಮೆಗೆ ಜಿಗಿಯಿತು. ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ತಾಸು 40 ನಿಮಿಷ. ಬಸ್ಸಿನ ಹೊತ್ತು ಬೇರೆ. ಯಾವ ಊರಿನ ಶಾಂತಾ ಅಷ್ಟು ಹೊತ್ತು ಎಚ್ಚರ ಇರುತ್ತಾಳೆ?

ಆಫೀಸಿನ ಕಥೆಯೇ ಬೇಕೆಂದರೆ ‘ಮ್ಯಾಡ್ ಮೆನ್’ ನೋಡಿ ಎಂದು ಬೆಂಗಳೂರಿನ ನನ್ನ ಅಣ್ಣ ಹೇಳಿದ್ದ. 1960ರ ದಶಕದ ನ್ಯೂಯಾರ್ಕಿನ ಜಾಹೀರಾತು ಕಂಪನಿಯ ಕಥೆ, 2007ರಿಂದ 2015ರವರೆಗೆ 92 ಕಂತು. ಅದರಲ್ಲಿ ಪೆಗ್ಗಿ ಎಂಬಾಕೆ ಸೆಕ್ರೆಟರಿಯಾಗಿ ಸೇರಿ ಜಾಹೀರಾತು ಬರೆಯುವ ಮಟ್ಟಕ್ಕೆ ಏರುತ್ತಾಳೆ. ಕೊನೆಯ ಸೀಸನ್‌ನಲ್ಲಿ ನೌಕರರು ಕೂತು ಹರಟುವ ಕೋಣೆಯನ್ನೇ ಖಾಲಿ ಮಾಡಿಸಿ ಕಂಪ್ಯೂಟರ್ ತಂದು ಕೂರಿಸುತ್ತಾರೆ. ಕಂಪ್ಯೂಟರ್ ಸೈನ್ಸ್‌ನವರಾದ ನಾವು ಯಾರ ಪರ ನಿಲ್ಲಬೇಕೋ ತಿಳಿಯದೆ ಸುಮ್ಮನಾದೆವು. ಚೆನ್ನಾಗಿದೆ, ಆದರೆ ನನಗೆ ಅದು ದೂರದ ಊರು. ಅಲ್ಲಿ ಆಫೀಸಿನ ಒಳಗಿರುವವರ ಕಥೆ ಹೆಚ್ಚು. ಮಾಲ್ಗುಡಿಯಲ್ಲಿ ಆಫೀಸಿನ ಹೊರಗೆ ಕಾಯುವವರೂ ಕಾಣುತ್ತಾರೆ.

ಚಿಕ್ಕವಳಿದ್ದಾಗ ಈ ಕಂತು ನೋಡಿ ನಾನು ಶಾಂತಾಳಿಗಾಗಿ ಅತ್ತಿದ್ದೆ. ಈ ಸಲ ಅಳು ಬಂದದ್ದು ವೆಂಕಟರಾವ್‌ಗಾಗಿ. ಮುಂದಿನ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಶುರು, ಲಕೋಟೆ ಹಿಡಿದು ನಿಲ್ಲುವ ಸರದಿ ನಮ್ಮದು. ನಾರಾಯಣ್‌ರದೇ ಇನ್ನೊಂದು ಕಥೆಯಲ್ಲಿ ಕಂಪನಿಯ ನಿವೃತ್ತ ಗೇಟ್‌ಮ್ಯಾನ್‌ಗೆ ಒಂದು ರಿಜಿಸ್ಟರ್ಡ್ ಪತ್ರ ಬರುತ್ತದೆ. ಆಫೀಸಿನ ಪತ್ರ ಅಂದರೆ ಕೇಡೇ ಎಂದು ಒಡೆಯದೆ ಹೆದರಿ, ಒಳಗೇನಿದೆ ನೋಡಲು ಎಕ್ಸ್‌ರೇ ತೆಗೆಯುವವರ ಬಳಿಗೂ ಹೋಗುತ್ತಾನೆ! ಒಳಗಿದ್ದದ್ದು ಮೆಚ್ಚುಗೆ ಮತ್ತು ನೂರು ರೂಪಾಯಿಯ ಚೆಕ್. ನಮ್ಮ ಸೀನಿಯರ್‌ಗಳು ಎಚ್‌ಆರ್ ಮೇಲ್ ತೆರೆಯುವಾಗಿನ ಮುಖ ನೋಡಿದ್ದರೆ ನೀವು ಆ ಗೇಟ್‌ಮ್ಯಾನ್‌ನನ್ನು ನೋಡಿ ನಗುವುದಿಲ್ಲ.

ನನ್ನ ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಉಣಕಲ್ ಕೆರೆಯಲ್ಲಿ ಬೋಟಿಂಗ್ ಮಾಡಿಸುತ್ತೇನೆಂದು ಹೇಳಿದ್ದರು. ಹೊಸ ಫ್ರಾಕ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಅದು ಮೆಣಸಿನಕಾಯಿ ಸೀಸನ್, ಅವರು ಬಂದಾಗ ಒಂಬತ್ತೂವರೆ. ನಾನು ಮೂರು ದಿನ ಮಾತು ಬಿಟ್ಟಿದ್ದೆ.

ಆ ರಾತ್ರಿ ಊಟಕ್ಕೆ ಕರೆಯಲು ಟೆರೇಸ್‌ಗೆ ಬಂದ ಅಪ್ಪ ನಮ್ಮ ಹಿಂದೆ ನಿಂತು ಕಂತಿನ ಕೊನೆ ನೋಡಿದ್ದರು. ಜಗಳವನ್ನೂ ಕೇಳಿಸಿಕೊಂಡರು. ಆಮೇಲೆ, ‘ನಲವತ್ತಕ್ಕ ಐದು ಅಂದ್ರ ಎಷ್ಟು ಪರ್ಸೆಂಟ್ ಆತು?’ ಎಂದರು. ನಾವು ಕ್ಯಾಲ್ಕ್ಯುಲೇಟರ್ ತೆಗೆಯುವಷ್ಟರಲ್ಲಿ ಅವರೇ, ‘ಹನ್ನೆರಡೂವರಿ. ನಮ್ಮಲ್ಲಿ ಯಾವತ್ತೂ ಅಷ್ಟು ಕೊಟ್ಟಿಲ್ಲ’ ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರಾತ್ರಿ ಅಮ್ಮನನ್ನು ಕೇಳಿದಾಗ ಗೊತ್ತಾಯಿತು, ಉಣಕಲ್ ತಪ್ಪಿದ ವರ್ಷವೇ ಅಪ್ಪನ ಪಗಾರ ಸ್ವಲ್ಪ ಏರಿತ್ತಂತೆ. ಏಳನೇ ಕ್ಲಾಸಿಗೆ ನನ್ನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದು ಅದೇ ಧೈರ್ಯದಿಂದ.

ಮೊನ್ನೆ ಪ್ಲೇಸ್‌ಮೆಂಟ್‌ನ ಫಾರ್ಮ್ ಬಂತು. ರಾತ್ರಿ ಪಾಳಿಗೆ ಸಿದ್ಧವೇ? ಎರಡು ವರ್ಷದ ಬಾಂಡ್‌ಗೆ ಒಪ್ಪಿಗೆಯೇ? ಎರಡಕ್ಕೂ ಮೊದಲು ‘ಹೌದು’ ಎಂದು ಒತ್ತಿದವಳು ಗದಗಿನ ಗೆಳತಿ. ಅವಳ ಮೇಲೆ ಎಜುಕೇಶನ್ ಲೋನ್ ಇದೆ. ಯಾರೂ ಅವಳನ್ನು ಛೇಡಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವಳೇ, ‘ಆದ್ರೂ ಅಂವಾ ವಾಪಸ್ ತಗೋಬಾರದಾಗಿತ್ತು’ ಎಂದಳು.

ನಾನು ಪಾಳಿಗೆ ‘ಹೌದು’ ಎಂದಿದ್ದೇನೆ. ಬಾಂಡ್‌ನ ಕಾಲಂ ಇನ್ನೂ ಖಾಲಿ ಇದೆ, ಶನಿವಾರ ಕೊನೆಯ ದಿನ. ನಿನ್ನೆ ಅಪ್ಪನಿಗೆ, ‘ಈ ಭಾನುವಾರ ಉಣಕಲ್‌ಗೆ ಹೋಗೋಣೇನು?’ ಎಂದು ಕೇಳಿದೆ. ಅವರು ಚಪ್ಪಲಿ ಮೆಟ್ಟುತ್ತ, ‘ಹೋಗೂಣಂತ. ಮಾಲಿನ ಲಾರಿ ಬರದಿದ್ರ’ ಎಂದರು.