ನಕಲು ಬೇರೆ, ನಕಲಿ ಬೇರೆ

ನಾನು ದೊಡ್ಡ ಕಲಾವಿದರ ಚಿತ್ರಗಳನ್ನು ನೋಡಿ ಬಿಡಿಸುತ್ತೇನೆ. ‘ಇದು ಕಳ್ಳತನ ಅಲ್ವಾ?’ ಎಂದು ಗೆಳತಿಯೊಬ್ಬಳು ಕೇಳಿದಳು. ಉತ್ತರ ಸಿಕ್ಕಿದ್ದು ಮೊದಿಲ್ಯಾನಿಯ ಕಥೆಯಲ್ಲಿ.

ಇಟಲಿಯ ಲಿವೊರ್ನೊದಲ್ಲಿ 1884ರಲ್ಲಿ ಹುಟ್ಟಿದ ಅಮೆಡಿಯೊ ಮೊದಿಲ್ಯಾನಿ 1906ರಲ್ಲಿ ಪ್ಯಾರಿಸ್‌ಗೆ ಹೋದ. ಅಲ್ಲಿ ಹಲವು ದೇಶಗಳ ಬಡ ಕಲಾವಿದರ ನಡುವೆ ಬದುಕಿದ. 1917ರಲ್ಲಿ ಚಿತ್ರಕಲಾ ವಿದ್ಯಾರ್ಥಿನಿ ಝಾನ್ ಎಬುಟರ್ನ್‌ಳನ್ನು ಪ್ರೀತಿಸಿದ. ಅವಳ ಮನೆಯವರು ಒಪ್ಪಲಿಲ್ಲ. ಅವಳ ಮುಖವನ್ನು, ಕತ್ತು ನೀಳವಾಗಿಸಿ, ಮತ್ತೆ ಮತ್ತೆ ಬಿಡಿಸಿದ. 1920ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡ. ಒಂದೆರಡು ದಿನದಲ್ಲಿ ಅವಳೂ ಇಲ್ಲವಾದಳು.

ಬದುಕಿದ್ದಾಗ ಅವನ ಚಿತ್ರಗಳಿಗೆ ಹೆಚ್ಚು ಬೆಲೆ ಇರಲಿಲ್ಲ. ಎಷ್ಟೋ ರೇಖಾಚಿತ್ರಗಳನ್ನು ಅಲ್ಪಸ್ವಲ್ಪಕ್ಕೆ ಕೊಟ್ಟುಬಿಟ್ಟ. ಯಾವುದು ಯಾರ ಕೈ ಸೇರಿತು ಎಂಬ ಲೆಕ್ಕ ಉಳಿಯಲಿಲ್ಲ. ಸತ್ತ ಮೇಲೆ ಬೆಲೆ ಏರಿತು. ಬೆಲೆ ಇದ್ದು ಲೆಕ್ಕ ಇಲ್ಲದ ಕಡೆ ನಕಲಿ ಬಂದು ಸೇರುತ್ತದೆ.

ಅವನು ತನ್ನ ಶಿಲ್ಪಗಳನ್ನು ಲಿವೊರ್ನೊದ ಕಾಲುವೆಗೆ ಎಸೆದಿದ್ದ ಎಂಬ ಮಾತು ಆ ಊರಿನಲ್ಲಿತ್ತು. 1984ರಲ್ಲಿ ಹುಡುಕಿದಾಗ ಮೂರು ಕಲ್ಲಿನ ತಲೆಗಳು ಸಿಕ್ಕವು. ಅವನದೇ ಎಂದರು ಹಲವು ತಜ್ಞರು. ಆದರೆ ಒಂದನ್ನು ಮೂವರು ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಡ್ರಿಲ್ ಹಿಡಿದು ತಮಾಷೆಗೆ ಕೆತ್ತಿದ್ದರು! ಟಿ.ವಿ.ಯಲ್ಲಿ ಇನ್ನೊಂದನ್ನು ಕೆತ್ತಿ ತೋರಿಸಿದರು. ಉಳಿದೆರಡೂ ಆ ಊರಿನ ಕಲಾವಿದನೊಬ್ಬನ ಕೆಲಸ. ಆಸೆಪಟ್ಟಿದ್ದನ್ನೇ ಕಣ್ಣು ಕಾಣುತ್ತದೆ, ತಜ್ಞರದ್ದು ಕೂಡ.

ನಕಲಿ ಚಿತ್ರ ಕೊಂಡವರ ಹಣವಷ್ಟೇ ಹೋಗುವುದಿಲ್ಲ. ಅವನು ಝಾನ್‌ಳನ್ನು ಹೇಗೆ ಕಂಡಿದ್ದ ಎಂಬ ಸತ್ಯವೂ ಕಲಬೆರಕೆಯಾಗುತ್ತದೆ. ಕಲಿಯಲು ನಕಲು ಮಾಡುವುದು ತಪ್ಪಲ್ಲ. ಬೇರೆಯವರ ಹೆಸರು ಹಾಕಿ ನಂಬಿಸುವುದು ತಪ್ಪು.

ಈಗ ನನ್ನ ಹಾಳೆಯ ಕೆಳಗೆ ‘ಮೊದಿಲ್ಯಾನಿಯನ್ನು ನೋಡಿ ಬಿಡಿಸಿದ್ದು’ ಎಂದು ಬರೆದು, ನನ್ನ ಹೆಸರು ಹಾಕುತ್ತೇನೆ.