ನಡುರಾತ್ರಿ ಇಳಿಯುವ ಶುಗರ್: ನಾವು ನಂಬಿದ್ದೇನು, ಸೆನ್ಸರ್ ತೋರಿಸುವುದೇನು

"ರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದರೆ ಶುಗರ್ ಲೋ ಆಗೋದೇ ಇಲ್ಲ." ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಗಳಲ್ಲಿ ಈ ಮಾತಿಗೆ ಬಹಳ ಬೆಲೆ. ಕೇಳಲು ಸರಿ ಎನಿಸುತ್ತದೆ. ಆದರೆ ರಾತ್ರಿ ಶುಗರ್ ಇಳಿಯುವುದಕ್ಕೆ ಕಾರಣ ಎಷ್ಟೋ ಸಲ ತಟ್ಟೆಯಲ್ಲಿರುವುದಿಲ್ಲ, ಆ ದಿನದ ದುಡಿಮೆಯಲ್ಲಿರುತ್ತದೆ.

ಸಂಜೆ ಅರಿಶಿನದ ಹೊಲದಲ್ಲಿ ಗುದ್ದಲಿ ಹಿಡಿದವರು, ಕರೆಂಟ್ ಬಂತೆಂದು ಕತ್ತಲಲ್ಲಿ ಬಾಳೆಗೆ ನೀರು ಹಾಯಿಸಿದವರು, ಹಂದಿ ಆನೆ ಕಾಯಲು ಹೊಲದ ಬದುವಿನಲ್ಲಿ ತಿರುಗಿದವರು ಮನೆಗೆ ಬಂದು ಉಂಡು ಮಲಗುತ್ತಾರೆ. ಮೈ ಮಲಗಿದರೂ ಸ್ನಾಯುಗಳ ಕೆಲಸ ಮುಗಿದಿರುವುದಿಲ್ಲ. ಖರ್ಚಾದ ಸಕ್ಕರೆಯ ದಾಸ್ತಾನನ್ನು ಮತ್ತೆ ತುಂಬಿಕೊಳ್ಳಲು ಅವು ಗಂಟೆಗಟ್ಟಲೆ ರಕ್ತದಿಂದ ಸಕ್ಕರೆ ಎಳೆಯುತ್ತಲೇ ಇರುತ್ತವೆ. ಅದೇ ಹೊತ್ತಿನಲ್ಲಿ ಇನ್ಸುಲಿನ್ನಿನ ಪ್ರಭಾವವೂ ಹೆಚ್ಚಿರುತ್ತದೆ. ಮೈಮುರಿದು ದುಡಿದ ಪರಿಣಾಮ 24 ಗಂಟೆವರೆಗೂ ಉಳಿಯಬಲ್ಲದು. ಸಂಜೆ ಐದರ ಕೆಲಸಕ್ಕೆ ರಾತ್ರಿ ಎರಡಕ್ಕೆ ಶುಗರ್ ಇಳಿಯುವುದು ಹೀಗೆ. ಕೆಲಸ ಜಾಸ್ತಿಯಾದ ದಿನ ರಾತ್ರಿಯ ಡೋಸ್ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ಮಲಗುವಾಗ ತೋಳಿಗೆ ಅಂಟಿಸಿಕೊಂಡ ಶುಗರ್ ಸೆನ್ಸರ್ 100ರ ಆಸುಪಾಸಿನಲ್ಲಿದ್ದು ಬಾಣದ ಗುರುತು ಕೆಳಕ್ಕೆ ತಿರುಗಿದ್ದರೆ ಏನಾದರೂ ತಿನ್ನದೆ ಮಲಗಬಾರದು.

"ಲೋ ಆದರೆ ಎಚ್ಚರ ಆಗೇ ಆಗುತ್ತೆ" ಎಂಬ ಧೈರ್ಯವೂ ಸುಳ್ಳು. ಶುಗರ್ 70ಕ್ಕಿಂತ ಕೆಳಗಿಳಿದರೆ ಕಡಿಮೆ, 54ಕ್ಕಿಂತ ಕೆಳಗಿಳಿದರೆ ಅಪಾಯ. ಹಗಲಿನಲ್ಲಾದರೆ ಅಡ್ರಿನಲಿನ್ ಏರಿ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಿದ್ದೆಯಲ್ಲಿ ಆ ಎಚ್ಚರಿಕೆ ಮಂಕಾಗಿರುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ, ತೀವ್ರವಾಗಿ ಶುಗರ್ ಇಳಿದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿದ್ದೆಯಲ್ಲಿದ್ದಾಗಲೇ ಆಗಿದ್ದವು. ಬೆಳಿಗ್ಗೆ ಎದ್ದಾಗ ಬಟ್ಟೆ ಬೆವರಿನಲ್ಲಿ ತೊಯ್ದಿರುವುದು, ತಲೆನೋವು, ಕೆಟ್ಟ ಕನಸಿನ ನೆನಪು ಇವೇ ಎಷ್ಟೋ ಜನಕ್ಕೆ ಸಿಗುವ ಸುಳಿವು. ನಡುರಾತ್ರಿ ಎದ್ದು ಕೂತು ತೊದಲುವವರನ್ನು ಗಾಳಿ ಮೆಟ್ಟಿದೆ ಎಂದೋ ಕುಡಿದಿದ್ದಾರೆ ಎಂದೋ ಸುಮ್ಮನೆ ಬಿಡಬೇಡಿ, ಮೊದಲು ಬೆರಳು ಚುಚ್ಚಿ ನೋಡಿ. ನಿಜವಾಗಿ ಕುಡಿದಿದ್ದರಂತೂ ಅಪಾಯ ಇನ್ನೂ ಹೆಚ್ಚು. ಯಕೃತ್ತು ಹೊಸದಾಗಿ ಸಕ್ಕರೆ ತಯಾರಿಸುವುದನ್ನು ಮದ್ಯ ತಡೆಯುತ್ತದೆ.

ಈಗ ಹೊಸದೊಂದು ನಂಬಿಕೆ ಸೇರಿಕೊಂಡಿದೆ: "ಸೆನ್ಸರ್ ಹಾಕಿಸಿದ್ದೀವಲ್ಲ, ಅದೇ ಎಬ್ಬಿಸುತ್ತೆ." ನನಗೆ ಹೆಚ್ಚು ಆತಂಕ ತರುವುದು ಇದೇ. ಎಲ್ಲ ಸೆನ್ಸರ್ ಕೂಗಿ ಎಬ್ಬಿಸುವುದಿಲ್ಲ. ಮೊದಲ ತಲೆಮಾರಿನ ಫ್ರೀಸ್ಟೈಲ್ ಲಿಬ್ರೆ ತೋಳಿನ ಮೇಲೆ 14 ದಿನ ಇರುತ್ತದೆ, ಫೋನನ್ನೋ ರೀಡರನ್ನೋ ಹತ್ತಿರ ಹಿಡಿದಾಗ ಮಾತ್ರ ಅಂಕಿ ಹೇಳುತ್ತದೆ. ಅದಕ್ಕೆ ಅಲಾರಂ ಇಲ್ಲ. ಕೊನೆಯ ಎಂಟು ಗಂಟೆಯ ಲೆಕ್ಕವನ್ನಷ್ಟೇ ಅದು ಇಟ್ಟುಕೊಳ್ಳುತ್ತದೆ. ಹಾಗಾಗಿ ಮಲಗುವಾಗ ಒಮ್ಮೆ, ಎದ್ದ ಕೂಡಲೇ ಒಮ್ಮೆ ಸ್ಕ್ಯಾನ್ ಮಾಡದಿದ್ದರೆ ರಾತ್ರಿಯ ಗೆರೆಯಲ್ಲಿ ಒಂದು ಭಾಗ ಹೋದಂತೆಯೇ. ವೈದ್ಯರು ಹಾಕುವ ಲಿಬ್ರೆ ಪ್ರೊ ಎರಡು ವಾರದ ಏರಿಳಿತವನ್ನು ದಾಖಲಿಸುತ್ತದೆ, ಆದರೆ ಧರಿಸಿದವರಿಗೆ ಏನನ್ನೂ ತೋರಿಸುವುದಿಲ್ಲ. ಡೋಸ್ ಸರಿಪಡಿಸಲು ಅದು ಬಹಳ ಉಪಯೋಗಿ. ಆ ರಾತ್ರಿಯ ಕಾವಲಿಗೆ ಅಲ್ಲ. ಲಿಬ್ರೆ 2ರಂಥ ಅಲಾರಂ ಇರುವ ಮಾದರಿಯಾದರೂ ಫೋನ್ ಸೈಲೆಂಟ್‌ನಲ್ಲಿದ್ದರೆ, ಬ್ಲೂಟೂತ್ ಆಫ್ ಆಗಿದ್ದರೆ, ಚಾರ್ಜಿಗೆಂದು ಬೇರೆ ಕೋಣೆಯಲ್ಲಿಟ್ಟಿದ್ದರೆ ಪ್ರಯೋಜನವಿಲ್ಲ. ಒಂಟಿಯಾಗಿ ಮಲಗುವವರು ಅಲಾರಮನ್ನು 70ಕ್ಕೆ ಬದಲು 80ಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು, ಎದ್ದು ಸಕ್ಕರೆ ಬಾಯಿಗೆ ಹಾಕಿಕೊಳ್ಳಲು ಸಮಯ ಸಿಗುತ್ತದೆ.

ಕಾಡಂಚಿನ ಊರುಗಳಲ್ಲಿ "ನಮ್ಮಲ್ಲಿ ನೆಟ್‌ವರ್ಕೇ ಇಲ್ಲ, ಸೆನ್ಸರ್ ಹಾಕಿ ಏನು ಮಾಡೋದು" ಎನ್ನುವವರೂ ಇದ್ದಾರೆ. ತೋಳಿನಿಂದ ಫೋನಿಗೆ ಅಂಕಿ ಬರಲು, ಫೋನ್ ಕೂಗಲು ನೆಟ್‌ವರ್ಕ್ ಬೇಕಿಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಫೋನಿಗೂ ಅದು ಹೋಗಬೇಕು ಎಂದಾಗ ಮಾತ್ರ ಇಂಟರ್ನೆಟ್ ಬೇಕು.

ಸೆನ್ಸರ್ ತೋರಿಸಿದ್ದೆಲ್ಲ ನಿಜವೂ ಅಲ್ಲ. ಸೆನ್ಸರ್ ಇರುವ ತೋಳಿನ ಮೇಲೆಯೇ ಒರಗಿ ಮಲಗಿದರೆ ಅಲ್ಲಿನ ದ್ರವದ ಹರಿವು ಕುಗ್ಗಿ ಅಂಕಿ ಸುಳ್ಳಾಗಿ ಇಳಿಯುತ್ತದೆ. 120ರಲ್ಲಿ ನೆಟ್ಟಗೆ ಸಾಗುತ್ತಿದ್ದ ಗೆರೆ ಥಟ್ಟನೆ 55ಕ್ಕೆ ಕುಸಿದು, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಅಷ್ಟೇ ಚಕ್ಕನೆ ಮೇಲೇರಿರುತ್ತದೆ. ಬರೀ ಚಾಪೆ ಹಾಸಿ ಮಲಗುವವರು ಸೆನ್ಸರ್ ಎಲ್ಲಿ ಹಾಕಿಸಬೇಕೆಂದು ಮೊದಲೇ ಯೋಚಿಸಬೇಕು. ಇನ್ನೊಂದು, ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಅದು ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಸಕ್ಕರೆ ತಿಂದ ಮೇಲೂ ಅಂಕಿ ಇಳಿಯುತ್ತಲೇ ಇದೆಯೆಂದು ಗಾಬರಿಯಾಗಿ ಡಬ್ಬಿ ಖಾಲಿ ಮಾಡಿ, ಬೆಳಿಗ್ಗೆ 350 ಕಾಣುವುದು ಇದರಿಂದಲೇ. ಸಂಶಯ ಬಂದರೆ ಬೆರಳು ಚುಚ್ಚಿ ನೋಡುವುದೇ ಸರಿ. ಆದರೆ ಮೈ ಬೆವರುತ್ತಿದ್ದು ಗ್ಲುಕೋಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ತಿನ್ನಿ.

ಎಷ್ಟು ತಿನ್ನಬೇಕು? 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇನ್ನೂ ಕಡಿಮೆಯಿದ್ದರೆ ಮತ್ತಷ್ಟೇ. ಹಾಲು, ಚಾಕೊಲೇಟ್ ಬೇಡ, ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಅಂಥವರ ತಲೆದಿಂಬಿನ ಬಳಿ ಗ್ಲುಕೋಸ್ ಪುಡಿಯೇ ಇರಬೇಕು.

"ನಾನು ಬರೀ ಮಾತ್ರೆ ತಗೊಳ್ಳೋದು, ನನಗೆ ಲೋ ಆಗಲ್ಲ" ಎನ್ನುವವರು ಮಾತ್ರೆಯ ಹೆಸರು ನೋಡಬೇಕು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಭಯ ಕಡಿಮೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಇದ್ದು, ವಯಸ್ಸಾಗಿ ಕಿಡ್ನಿಯೂ ದುರ್ಬಲವಾಗಿದ್ದರೆ ಒಮ್ಮೆ ಏರಿದ ಶುಗರ್ ಕೆಲವೇ ಗಂಟೆಯಲ್ಲಿ ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪುವಷ್ಟು ಇಳಿದಿದ್ದರೆ, ಚೇತರಿಸಿಕೊಂಡಂತೆ ಕಂಡರೂ ಅವರನ್ನು ಆಸ್ಪತ್ರೆಯಲ್ಲಿಟ್ಟು ನೋಡಬೇಕು.

ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಹುಯ್ಯಲೇಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ, ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಔಷಧ ಇದ್ದರೆ ಕೊಡಿ, 108ಕ್ಕೆ ಕರೆ ಮಾಡಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ನೆನೆದು ಹಿಂಜರಿಯುವುದೂ ಬೇಡ. 2009ರಿಂದ ಜಾರಿಯಲ್ಲಿರುವ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಆ ನಿಷೇಧ ಕಾಡಿನೊಳಗೆ ಕೇರಳ, ಊಟಿಯ ಕಡೆ ಹೋಗುವ ಹೆದ್ದಾರಿಗಳಿಗೆ, ಅಲ್ಲಿಯೂ ಆಂಬುಲೆನ್ಸ್‌ಗೆ ತಡೆಯಿಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಮೈಸೂರಿಗೆ ಹೋಗುವ ರಸ್ತೆಗಳು ರಾತ್ರಿಯಿಡೀ ತೆರೆದಿರುತ್ತವೆ. ಕರೆ ಮಾಡಿದವರು ಮೊದಲ ಮಾತಿನಲ್ಲೇ ಹೇಳಬೇಕಾದ್ದು ಇಷ್ಟು: ಸಕ್ಕರೆ ಕಾಯಿಲೆಯಿದೆ, ಇನ್ಸುಲಿನ್ ಅಥವಾ ಇಂಥ ಮಾತ್ರೆ ತಗೊಳ್ಳುತ್ತಾರೆ, ಸೆನ್ಸರ್‌ನಲ್ಲಿ ಇಷ್ಟು ಕಾಣುತ್ತಿದೆ.