ಮಣ್ಣಿಗೆ ಹೋಗಲು ಭಯವೇಕೆ?

"ಸಾರ್, ನಾನು ಮಾತ್ರೆ ಕೊಡುತ್ತಿದ್ದ ಅಜ್ಜ ರಾತ್ರಿ ತೀರಿಕೊಂಡರು. ಮಣ್ಣಿಗೆ ಹೋಗಲೋ ಬೇಡವೋ? ಅವರ ಮನೆಮಾತು ತಮಿಳು, ಅವರ ಪದ್ಧತಿ ನನಗೆ ತಿಳಿಯದು. ಜೊತೆಗೆ ಕ್ಷಯ ರೋಗ. ನಮ್ಮ ಮನೆಯಲ್ಲಿ ಬೇಡವೇ ಬೇಡ ಎನ್ನುತ್ತಿದ್ದಾರೆ."

ಭದ್ರಾವತಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ, ಬಿಜಾಪುರದ ಕಡೆಯ ಆರೋಗ್ಯ ಸಹಾಯಕಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು. ಹೋಗಿ ಬಾ ಎಂದೆ. ಏಕೆಂದು ಇಲ್ಲಿ ವಿವರಿಸುತ್ತೇನೆ. ಇದೇ ಅನುಮಾನ ಅನೇಕ ಕುಟುಂಬಗಳಲ್ಲೂ ಇದೆ.

ಭದ್ರಾವತಿ ಹೊರಗಿನಿಂದ ಬಂದವರಿಂದಲೇ ಬೆಳೆದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ನಾನಾ ಕಡೆಯ ಜನರನ್ನು ಕರೆತಂದವು. ಒಂದು ಬೀದಿಯಲ್ಲಿ ತಮಟೆ ಬಾರಿಸುತ್ತಾ ಹೂ ಚೆಲ್ಲುತ್ತಾ ಶವಯಾತ್ರೆ ಹೊರಟರೆ, ಇನ್ನೊಂದರಲ್ಲಿ ಜನಾಜಾ ನಮಾಜು, ಮತ್ತೊಂದೆಡೆ ಚರ್ಚಿನ ಪ್ರಾರ್ಥನೆ. ಶವವನ್ನು ಸುಡುವವರುಂಟು, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಲಿಂಗಾಯತರುಂಟು. ಇಂಥ ಊರಿನಲ್ಲಿ ನೆರೆಮನೆಯ ಸಾವಿಗೆ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಹೊರಗಿನವರೇ.

ಅಪಾಯ ಯಾವುದರಿಂದ?

ಕ್ಷಯದ ರೋಗಾಣು ಹರಡುವುದು ರೋಗಿ ಕೆಮ್ಮಿದಾಗ, ಮಾತನಾಡಿದಾಗ, ಗಾಳಿಯ ಮೂಲಕ. ಉಸಿರು ನಿಂತ ಮೇಲೆ ಕೆಮ್ಮಿಲ್ಲ. ದೂರದಿಂದ ನಮಸ್ಕರಿಸಿ ಹೂ ಹಾಕಿ ಬರುವವರು ಹೆದರಬೇಕಾಗಿಲ್ಲ. ಆದರೆ ಶವವನ್ನು ಎತ್ತುವಾಗ, ಮಗ್ಗುಲು ಬದಲಿಸುವಾಗ ಎದೆಯೊಳಗಿನ ಗಾಳಿ ಹೊರಬರಬಹುದು. ಸ್ನಾನ ಮಾಡಿಸುವವರು ಮುಖಗವಸು ಧರಿಸಿ, ಕಿಟಕಿ ಬಾಗಿಲು ತೆರೆದಿಡಬೇಕು. ಏಡ್ಸ್ ರೋಗಿಯ ಶವವನ್ನು ಮುಟ್ಟಿದ ಮಾತ್ರಕ್ಕೆ ಸೋಂಕು ತಗಲುವುದಿಲ್ಲ. ರಕ್ತ, ಸ್ರಾವಗಳಿದ್ದರೆ ಕೈಗವಸು ಬೇಕು. ವಾಂತಿಭೇದಿಯಿಂದ ಸತ್ತವರಿಗೆ ಸ್ನಾನ ಮಾಡಿಸಿದವರು ಸೋಪಿನಿಂದ ಕೈ ತೊಳೆಯಬೇಕು. ಅಂದಿನ ಅಡುಗೆಗೆ ಅವರು ಕೈಹಾಕದಿರುವುದು ಲೇಸು.

ನಮ್ಮ ಜಿಲ್ಲೆಯ ಮಂಗನ ಕಾಯಿಲೆಯ ವಿಷಯದಲ್ಲಂತೂ ಭಯ ತಲೆಕೆಳಗಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹೆದರಬೇಕಾದದ್ದು ಸತ್ತ ಮಂಗಕ್ಕೆ, ಸತ್ತ ಮನುಷ್ಯನಿಗಲ್ಲ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಲಿನ ನೆಲಕ್ಕೆ ಉದುರುತ್ತವೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಆಫ್ರಿಕಾ ಕಲಿಸಿದ ಪಾಠ

ಶವದಿಂದ ನಿಜಕ್ಕೂ ಅಪಾಯವಿರುವ ರೋಗಗಳೂ ಇವೆ. ಅವುಗಳಲ್ಲಿ ಎಬೋಲಾ ಮುಖ್ಯವಾದುದು. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಅದು 11,300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಶವವನ್ನು ತೊಳೆದು, ಮುಟ್ಟಿ ಬೀಳ್ಕೊಡುವುದು ಸಂಪ್ರದಾಯ. ಅನೇಕರಿಗೆ ಸೋಂಕು ತಗಲಿದ್ದು ಅಲ್ಲಿಯೇ.

ಸೇವೆಗೆಂದು ವಿದೇಶಗಳಿಂದ ಬಂದವರೂ ಸರ್ಕಾರಿ ಸಿಬ್ಬಂದಿಯೂ ಮೊದಮೊದಲು ಮೈತುಂಬ ರಕ್ಷಾಕವಚ ತೊಟ್ಟು ಬಂದು ಶವವನ್ನು ಚೀಲದಲ್ಲಿ ಒಯ್ದರು. ಎಷ್ಟೋ ಮನೆಯವರಿಗೆ ಮುಖ ನೋಡಲೂ ಅವಕಾಶ ಸಿಗಲಿಲ್ಲ. ಪರಿಣಾಮ? ಜನ ರೋಗಿಗಳನ್ನು ಬಚ್ಚಿಟ್ಟರು, ಗುಟ್ಟಾಗಿ ಹೂಳತೊಡಗಿದರು. ಹೊರಗಿನವರ ಮೇಲೆ ಅಪನಂಬಿಕೆ ಎಷ್ಟು ಬೆಳೆದಿತ್ತೆಂದರೆ, 2014ರ ಸೆಪ್ಟೆಂಬರ್‌ನಲ್ಲಿ ಗಿನಿಯ ವೋಮೆ ಎಂಬ ಹಳ್ಳಿಗೆ ತಿಳಿವಳಿಕೆ ನೀಡಲು ಹೋದ ತಂಡದ ಎಂಟು ಮಂದಿ ಕೊಲೆಯಾದರು.

ಆ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತವೂ ಗೌರವಯುತವೂ ಆದ ಅಂತ್ಯಸಂಸ್ಕಾರದ ಕ್ರಮವನ್ನು ಪ್ರಕಟಿಸಿತು. ಮೊದಲು ಮನೆಯವರೊಡನೆ ಮಾತು, ಆಮೇಲೆ ಕೆಲಸ. ಶವವನ್ನು ಮುಟ್ಟುವುದು ತರಬೇತಿ ಪಡೆದವರು. ಗುಂಡಿ ತೋಡುವುದು, ಪ್ರಾರ್ಥನೆ, ಕೊನೆಯ ಮಾತು ಬಂಧುಗಳಿಗೆ ಬಿಟ್ಟದ್ದು.

ಇದು ದೂರದ ಮಾತಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಕೋವಿಡ್ ಸೂಚನೆಯೂ ಮುಟ್ಟದೆ ಮುಖದರ್ಶನ ಮಾಡುವುದಕ್ಕೆ, ಮಂತ್ರ ಪಠಿಸಿ ತೀರ್ಥ ಪ್ರೋಕ್ಷಿಸುವುದಕ್ಕೆ, ಬೂದಿ ಸಂಗ್ರಹಿಸುವುದಕ್ಕೆ ಅವಕಾಶ ಕೊಟ್ಟಿತ್ತು. ಆದರೂ ಆ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯ ಹೊರಬಿದ್ದು, ಜಿಲ್ಲಾಡಳಿತ ಕ್ಷಮೆ ಕೋರಬೇಕಾಯಿತು. ಶಿವಮೊಗ್ಗದಲ್ಲೂ ಆ ದಿನಗಳಲ್ಲಿ ತಂದೆತಾಯಿಯ ಮುಖ ನೋಡಲಾಗದೆ ಉಳಿದವರ ಸಂಕಟವನ್ನು ನಾನು ಇಂದಿಗೂ ಕೇಳುತ್ತಿರುತ್ತೇನೆ. 'ಕೊನೆಗೆ ಒಂದು ತೊಟ್ಟು ನೀರೂ ಬಿಡಲಿಲ್ಲ' ಎಂಬ ಕೊರಗು ನಿದ್ರೆ, ಹಸಿವುಗಳನ್ನು ಕೆಡಿಸುತ್ತದೆ.

ಹೋದಾಗ ಹೇಗಿರಬೇಕು?

ಪದ್ಧತಿ ತಿಳಿಯದಿದ್ದರೆ ಮನೆಯ ಹಿರಿಯರೊಬ್ಬರನ್ನು ಮೆಲ್ಲಗೆ ಕೇಳಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ರೋಗದ ವಿಚಾರಣೆ, 'ಮೊದಲೇ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು' ಎಂಬ ಮಾತು ಬೇಡ. ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು.

ದುಃಖದಲ್ಲಿರುವ ವಯಸ್ಸಾದವರ ಮೇಲೆ ಒಂದು ಕಣ್ಣಿಡಿ. ಆಪ್ತರನ್ನು ಕಳೆದುಕೊಂಡ ಮೊದಲ ದಿನಗಳಲ್ಲಿ ಹೃದಯಾಘಾತದ ಸಂಭವ ಹೆಚ್ಚು. ಎದೆನೋವು, ಉಸಿರುಗಟ್ಟುವಿಕೆ ಕಂಡರೆ 'ದುಃಖಕ್ಕೆ ಹಾಗಾಗಿದೆ' ಎಂದು ಸುಮ್ಮನಾಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಶವ ಎತ್ತುವವರೆಗೆ ಉಪವಾಸವಿದ್ದರೆ ಸಕ್ಕರೆಯ ಅಂಶ ಕುಸಿದು ಎಚ್ಚರ ತಪ್ಪಬಹುದು. ಸಾವಿನ ಮನೆಯಲ್ಲಿ ಒಲೆ ಹಚ್ಚದಿದ್ದಾಗ ನೆರೆಯವರು ಊಟ ತರುವ ನಮ್ಮ ರೂಢಿ ಬಹಳ ಒಳ್ಳೆಯದು. ಅದನ್ನು ಬಿಡಬೇಡಿ.

ಆ ಸಹಾಯಕಿ ಮಣ್ಣಿಗೆ ಹೋದಳು. ಹೆಂಗಸರ ನಡುವೆ ಒಂದು ಗಂಟೆ ಕುಳಿತು ಬಂದಳು. ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ಮತ್ತೆ ಆ ಮನೆಗೆ ಹೋದಾಗ, ಹಿಂದೆ ಪರೀಕ್ಷೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಸೊಸೆ ತಾನೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟಳು. ಚಿಕ್ಕವನಿಗೆ ಕ್ಷಯ ಆರಂಭದಲ್ಲೇ ಪತ್ತೆಯಾಯಿತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ಗುಣಮುಖನಾದ. ದೊಡ್ಡವಳಿಗೆ ರೋಗ ಬಾರದಂತೆ ಔಷಧಿ ಕೊಡಲಾಯಿತು.

ಕ್ಷಯ ರೋಗಿಯೊಡನೆ ಒಂದೇ ಸೂರಿನಡಿ ಇದ್ದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮಣ್ಣಿಗೆ ಬಂದು ಪಕ್ಕದಲ್ಲಿ ಕುಳಿತವರು ಈ ಮಾತು ಹೇಳಿದರೆ ಮನೆಯವರು ಕೇಳುತ್ತಾರೆ.